ಅತ್ತದ್ದು ನಿಜ, ಸಾಕ್ಷಿ ಬೇಡ

ಪ್ರಶ್ನೆ: ನನಗೆ 33 ವರ್ಷ. ಬೆಳ್ತಂಗಡಿ ಕಡೆಯ ಕ್ಯಾಥೊಲಿಕ್ ಮನೆತನ, ಕೆಲಸ ಬೆಂಗಳೂರಿನಲ್ಲಿ. ಕಾಲೇಜು ಮುಗಿದ ಮೇಲೆ ಚರ್ಚಿನ ಮೆಟ್ಟಿಲು ಹತ್ತಿದ್ದು ಕ್ರಿಸ್‌ಮಸ್‌ಗೆ, ಮದುವೆಗೆ, ಮರಣಕ್ಕೆ ಮಾತ್ರ. ಎರಡು ವರ್ಷದ ಹಿಂದೆ ಡ್ಯಾಡಿ ತೀರಿಕೊಂಡರು. ಏಳನೇ ದಿನದ ಪೂಜೆ ಮುಗಿಸಿ ಮರುದಿನವೇ ಲ್ಯಾಪ್‌ಟಾಪ್ ತೆರೆದೆ. ಆಮೇಲೆ ಅಳುವುದಕ್ಕೆ ಪುರುಸೊತ್ತೇ ಆಗಲಿಲ್ಲ.

ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಮಮ್ಮಿಯ ಒತ್ತಾಯಕ್ಕೆ ಅವರ ಜೊತೆ ವಾರಾಂತ್ಯದ ರಿಟ್ರೀಟಿಗೆ (ಧ್ಯಾನಕೂಟಕ್ಕೆ) ಹೋದೆ. ಶುಕ್ರವಾರ ಸಂಜೆಯೇ ಫೋನ್ ತೆಗೆದಿಟ್ಟುಕೊಂಡರು. ಶನಿವಾರ ರಾತ್ರಿಯ ಆರಾಧನೆಯಲ್ಲಿ ದೀಪ ತಗ್ಗಿಸಿ ಒಂದು ಹಾಡು ಶುರು ಮಾಡಿದರು. ಡ್ಯಾಡಿ ಅಡಿಕೆ ಸುಲಿಯುತ್ತಾ ಹಾಡುತ್ತಿದ್ದ ಹಾಡು. ಎರಡನೇ ಚರಣದಲ್ಲಿ ಅವರು ಯಾವಾಗಲೂ ಒಂದು ಪದ ತಪ್ಪು ಹಾಡುತ್ತಿದ್ದರು. ಅಲ್ಲಿ ಅಷ್ಟೂ ಜನ ಅದನ್ನು ಸರಿಯಾಗಿ ಹಾಡಿದಾಗ ನನಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಮಮ್ಮಿ ಅಪ್ಪಿಕೊಂಡು ‘ಯೇಸು ನಿನ್ನನ್ನು ಮುಟ್ಟಿದ’ ಎಂದರು. ಈಗ ಊರಿಗೆಲ್ಲ ಅದೇ ಸುದ್ದಿ. ಪಾಸ್ಕ ಹಬ್ಬ (ಈಸ್ಟರ್) ಕಳೆದ ಮೇಲೆ ನಮ್ಮ ವಾಳೆಯ, ಅಂದರೆ ಚರ್ಚಿಗೆ ಸೇರಿದ ನಮ್ಮ ಕೇರಿಯ ಮನೆಗಳ, ಪ್ರಾರ್ಥನಾಕೂಟದಲ್ಲಿ ನಾನು ಸಾಕ್ಷಿ ಹೇಳಬೇಕಂತೆ, ದೇವರು ನನ್ನನ್ನು ಹೇಗೆ ಮುಟ್ಟಿದನೆಂದು ಎಲ್ಲರ ಮುಂದೆ. ವಾಳೆಯ ಮುಖ್ಯಸ್ಥರಾದ ಗುರಿಕಾರರಿಗೆ ಮಾತೂ ಕೊಟ್ಟಾಗಿದೆ.

ನಾನು ಅತ್ತದ್ದು ಡ್ಯಾಡಿಗಾಗಿ. ಇನ್ನೊಂದು ವಿಷಯವಿದೆ. ಕುಮ್ಸಾರಿನ (ಪಾದ್ರಿಗಳ ಹತ್ತಿರ ಪಾಪನಿವೇದನೆಯ) ಸಾಲಿನಲ್ಲಿ ಕೂತಿದ್ದವಳು, ಮುಂದೆ ಇಬ್ಬರಿದ್ದಾರೆ ಎನ್ನುವಾಗ ಎದ್ದು ಬಂದೆ. ಮಮ್ಮಿಗೆ ಗೊತ್ತಿಲ್ಲ. ಹಾಗೆಂದು ಅಲ್ಲಿ ಏನೂ ಆಗಲೇ ಇಲ್ಲ ಎನ್ನಲಾರೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಮೌನವಿತ್ತು. ಗೇರುಮರದ ಕೆಳಗೆ ಸುಮ್ಮನೆ ಕೂತಿದ್ದೆ, ಎದೆಯೊಳಗೆ ಏನೋ ಸಡಿಲವಾಯಿತು. ಮಂಗಳವಾರ ಆಫೀಸಿಗೆ ಬರುವಷ್ಟರಲ್ಲಿ ಅದೂ ಇಲ್ಲ. ನನಗೆ ನಂಬಿಕೆ ಇದೆಯೋ, ಇಲ್ಲವೋ? ಸಾಕ್ಷಿ ಹೇಳದಿದ್ದರೆ ಮಮ್ಮಿಯ ಮುಖ ಹೇಗೆ ನೋಡಲಿ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. ಸಾಕ್ಷಿ ಹೇಳಬೇಡಿ.

ಚರ್ಚಿನಲ್ಲೂ ಕೋರ್ಟಿನಲ್ಲೂ ಈ ಪದ ಒಂದೇ. ಕಟಕಟೆಯಲ್ಲಿ ನಿಂತವನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ‘ಪಕ್ಕದ ಮನೆಯವರು ಕಂಡರಂತೆ’ ಎಂದು ಶುರು ಮಾಡಿದರೆ ಎದುರು ವಕೀಲರು ಅಲ್ಲೇ ತಡೆಯುತ್ತಾರೆ. ಯೇಸು ನಿಮ್ಮನ್ನು ಮುಟ್ಟಿದ್ದನ್ನು ಕಂಡವರು ಮಮ್ಮಿ, ನೀವಲ್ಲ. ಗುರಿಕಾರರಿಗೆ ನೀವೇ ಫೋನ್ ಮಾಡಿ. ‘ಈಗ ಮಾತಾಡುವ ಸ್ಥಿತಿಯಲ್ಲಿ ಇಲ್ಲ, ನನಗಾಗಿ ಪ್ರಾರ್ಥಿಸಿ’ ಎನ್ನಿ. ಅದು ನೆಪವೂ ಅಲ್ಲ, ಸುಳ್ಳೂ ಅಲ್ಲ. ಕಾರಣ ಕೇಳಿದರೆ ಇದನ್ನೇ ಇನ್ನೊಮ್ಮೆ ಹೇಳಿ. ಮಮ್ಮಿಯ ಮೂಲಕ ಹೇಳಿಸಬೇಡಿ, ದಾರಿಯಲ್ಲಿ ಮಾತು ಬದಲಾದೀತು.

ಇನ್ನು ಕಷ್ಟದ್ದು. ನಾನು ಕ್ರೈಸ್ತಳಲ್ಲ. ಹಾಸನದ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳ ಕೈಕೆಳಗೆ ಓದಿದವಳು, ಅಲ್ಲಿ ಹತ್ತಿದ ಓದಿನ ಗೀಳು ಇನ್ನೂ ಬಿಟ್ಟಿಲ್ಲ. ಆ ಗೀಳಿನ ಬಲದಲ್ಲೇ ಇದನ್ನು ಬರೆಯುತ್ತಿದ್ದೇನೆ. ಹೆಚ್ಚುಕಮ್ಮಿ ಎನಿಸಿದರೆ ನಿಮ್ಮ ಪಾದ್ರಿಗಳ ಹತ್ತಿರ ತಿದ್ದಿಸಿಕೊಳ್ಳಿ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ನಿಮಗೆ ಗೊತ್ತಿರುತ್ತದೆ. 1880ರಲ್ಲಿ ಅದನ್ನು ಶುರು ಮಾಡಿದವರು ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು. ಆ ಸಭೆಯ ಮೂಲಪುರುಷ ಲೊಯೋಲಾದ ಇಗ್ನೇಷಿಯಸ್. ಇವತ್ತಿನ ರಿಟ್ರೀಟಿಗೆ ಆಕಾರ ಕೊಟ್ಟವರು ಯಾರು ಎಂದರೆ ಮೊದಲು ಬೆರಳು ಹೋಗುವುದು ಆತನ ಕಡೆಗೆ. ಆತ ಹುಟ್ಟು ಸಂತನೇನಲ್ಲ. ಕತ್ತಿ ಹಿಡಿದು ಮೆರೆಯುತ್ತಿದ್ದ ಶೋಕಿಲಾಲ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಕಳೆಯಲು ವೀರರ ಕತೆ ಕೇಳಿದರೆ, ಮನೆಯಲ್ಲಿ ಇದ್ದದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ. ಬೇರೆ ಗತಿಯಿಲ್ಲದೆ ಅದನ್ನೇ ಓದಿದ. ಓದುತ್ತಾ ಮಲಗಿದವನಿಗೆ ಎರಡು ಬಗೆಯ ಹಗಲುಗನಸು. ದೊಡ್ಡ ಮನೆತನದ ಹೆಣ್ಣೊಬ್ಬಳಿಗಾಗಿ ಸಾಹಸ ಮಾಡುವುದು ಒಂದು. ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ನಡೆಯುವುದು ಇನ್ನೊಂದು. ಕಾಣುವಾಗ ಎರಡೂ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಥಟ್ಟನೆ ಅವನ ಗಮನಕ್ಕೆ ಬಂತು. ಮುಂದೆ ಆತ ಬರೆದದ್ದೆಲ್ಲ ಇದರ ಮೇಲೆಯೇ ನಿಂತಿದೆ. ನಾಲಿಗೆಗೆ ತಗುಲಿದಾಗಿನ ರುಚಿಯನ್ನಲ್ಲ, ನುಂಗಿದ ಮೇಲೆ ಉಳಿಯುವ ರುಚಿಯನ್ನು ನೋಡು ಎಂಬಂತೆ.

ನೀವು ಬರೆದ ಪತ್ರವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ಶನಿವಾರ ರಾತ್ರಿಗೆ ಎಷ್ಟೊಂದು ಸಾಲು ಕೊಟ್ಟಿದ್ದೀರಿ. ಗೇರುಮರಕ್ಕೆ ಕೊಟ್ಟದ್ದು ಎರಡೇ ಸಾಲು, ಅದೂ ಅನುಮಾನಿಸುತ್ತಾ. ನನಗೇನೋ ಆ ಎರಡು ಸಾಲಿನ ಮೇಲೆಯೇ ಕಣ್ಣು. ಅಲ್ಲಿ ಹಾಡಿರಲಿಲ್ಲ, ಕತ್ತಲೆ ಇರಲಿಲ್ಲ, ಅಪ್ಪಿಕೊಳ್ಳಲು ಮಮ್ಮಿಯೂ ಇರಲಿಲ್ಲ.

ಇಗ್ನೇಷಿಯಸ್ ರೂಪಿಸಿದ ಧ್ಯಾನಕ್ರಮ ಪೂರ್ತಿ ಮಾಡಿದರೆ ಸುಮಾರು 30 ದಿನದ ಮೌನ. ಪೋಪ್ ಮೂರನೇ ಪೌಲ್ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು 1548ರಲ್ಲಿ. ಎಂಟು ದಿನದ್ದು, ಮೂರು ದಿನದ್ದು, ವಾರಾಂತ್ಯದ್ದು ಎಲ್ಲ ನಮ್ಮಂಥ ಪುರುಸೊತ್ತಿಲ್ಲದವರಿಗೆ ಆಮೇಲೆ ಕತ್ತರಿಸಿಕೊಂಡವು. ಅದರಲ್ಲಿ ಧ್ಯಾನ ಮಾಡಿಸುವವರಿಗೆ ಒಂದು ಎಚ್ಚರಿಕೆ ಇದೆ: ಬಂದವರು ಉತ್ಸಾಹದಿಂದ ಉಕ್ಕುತ್ತಿರುವಾಗ ಆತುರದ ಹರಕೆ, ವಾಗ್ದಾನಗಳಿಗೆ ಬಿಡಬೇಡಿ. ಇನ್ನೊಂದು ಕಡೆ ಇದರ ಜೋಡಿ ಮಾತೂ ಇದೆ: ಮನಸ್ಸು ಬರಡಾಗಿರುವಾಗ ಹಿಂದೆ ಮಾಡಿದ ನಿಶ್ಚಯವನ್ನು ಬದಲಿಸಬೇಡಿ. ನಿಮ್ಮ ಮನೆಯವರು ಶನಿವಾರ ರಾತ್ರಿಯ ಆಧಾರದ ಮೇಲೆ ನಿಮಗೆ ನಂಬಿಕೆ ಬಂತು ಎಂದು ಸಹಿ ಹಾಕಿಸಲು ಹೊರಟಿದ್ದಾರೆ. ನೀವು ಮಂಗಳವಾರದ ಆಧಾರದ ಮೇಲೆ ಇಲ್ಲ ಎಂದು ಸಹಿ ಹಾಕಲು ಹೊರಟಿದ್ದೀರಿ. ಪೆನ್ನಿನ ಮುಚ್ಚಳ ಹಾಕಿ ಇಬ್ಬರೂ ಸ್ವಲ್ಪ ದಿನ ಪಕ್ಕಕ್ಕಿಡಿ.

ನೀವು ಹೋದ ರಿಟ್ರೀಟಿನಲ್ಲಿ ಎರಡು ಪರಂಪರೆ ಬೆರೆತ ಹಾಗೆ ಕಾಣುತ್ತದೆ. ಭಾನುವಾರದ ಮೌನ ಈ ಹಳೆಯ ದಾರಿಯದು. ಶನಿವಾರ ರಾತ್ರಿಯ ಜೋರು ಹಾಡು, ಕಣ್ಣೀರು, ಆಮೇಲೆ ಸಾಕ್ಷಿ, ಇವೆಲ್ಲ ಕ್ಯಾಥೊಲಿಕ್ಕರಲ್ಲಿ ಹೆಚ್ಚಾಗಿ ಹರಡಿದ್ದು ಕರಿಸ್ಮ್ಯಾಟಿಕ್ ಚಳವಳಿಯಿಂದ. ಅದು ಹುಟ್ಟಿದ್ದೂ ಒಂದು ವಾರಾಂತ್ಯದ ರಿಟ್ರೀಟಿನಲ್ಲೇ. 1967ರ ಫೆಬ್ರವರಿ, ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಎರಡೂ ನಿಮ್ಮ ಧರ್ಮಸಭೆಯ ದಾರಿಗಳೇ, ಒಂದು ಹೆಚ್ಚು ಒಂದು ಕಡಿಮೆ ಎನ್ನುವ ಅಧಿಕಾರ ನನಗಿಲ್ಲ. ಆದರೆ ಕೈ ಎತ್ತಿ ಹಾಡಲು ಬಾರದವಳಿಗೆ ನಂಬಿಕೆಯೇ ಇಲ್ಲ ಎಂದು ತೀರ್ಮಾನಿಸುವುದು, ಬಿರಿಯಾನಿ ಒಗ್ಗದವಳಿಗೆ ಹಸಿವೇ ಇಲ್ಲ ಎಂದ ಹಾಗೆ. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸಿನಂತೆ ಯೇಸುಸಭೆಯವರು ನಡೆಸುವ ಧ್ಯಾನಮಂದಿರಗಳಿವೆ. ಮನಸ್ಸಾದರೆ ಮಳೆಗಾಲ ಕಳೆದ ಮೇಲೆ ವಿಚಾರಿಸಿ, ಮೌನದ ಒಂದು ದಿನಕ್ಕೆ ಹೋಗಿ. ಒಬ್ಬರೇ ಹೋಗಿ. ಮನಸ್ಸಾಗದಿದ್ದರೆ ಬಿಡಿ.

ಅಳುವಿನ ವಿಷಯಕ್ಕೆ ಬರುತ್ತೇನೆ. ‘ಅತ್ತದ್ದು ಡ್ಯಾಡಿಗಾಗಿ’ ಎನ್ನುವುದನ್ನು ನೀವು ತಪ್ಪೊಪ್ಪಿಗೆಯ ಹಾಗೆ ಬರೆದಿದ್ದೀರಿ. ನನಗೆ ಕಸಿವಿಸಿಯಾದದ್ದು ಅದೊಂದೇ. ನನ್ನ ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಯಾರದೋ ಗೃಹಪ್ರವೇಶ, ಸತ್ಯನಾರಾಯಣ ಕಥೆ ಓದುತ್ತಿದ್ದರು. ಓದುತ್ತಿದ್ದ ಹೆಂಗಸು ಸಾಲಿನ ಕೊನೆಯನ್ನು ಅಮ್ಮ ಎಳೆಯುತ್ತಿದ್ದಂತೆಯೇ ಎಳೆದರು. ನಾನು ಹಿತ್ತಿಲ ಒಲೆಯ ಹತ್ತಿರ ಓಡಿಹೋಗಿ ಅತ್ತೆ. ಅಡುಗೆಯವರು ಹೊಗೆ ಎಂದುಕೊಂಡು ಸೌದೆ ಹಿಂದಕ್ಕೆ ಎಳೆದರು. ನನಗೆ ಭಕ್ತಿ ಬಂತೆಂದು ಯಾರೂ ಸಾರಲಿಲ್ಲ ನೋಡಿ, ನನ್ನ ಪುಣ್ಯ.

ನಿಮ್ಮ ಬೈಬಲ್ಲಿನಲ್ಲೇ ಯೇಸು ಗೆಳೆಯ ಲಾಜರನ ಸಮಾಧಿಯ ಹತ್ತಿರ ಕಣ್ಣೀರು ಹಾಕುತ್ತಾನೆ. ಇನ್ನೇನು ಅವನನ್ನು ಎಬ್ಬಿಸಲಿರುವವನು, ಆದರೂ ಅಳುತ್ತಾನೆ. ಸಂತ ಅಗಸ್ಟೀನ್ 387ರಲ್ಲಿ ತಾಯಿ ತೀರಿಕೊಂಡಾಗ, ನಂಬಿಕೆಯುಳ್ಳವನು ಅಳಬಾರದೆಂದು ಕಣ್ಣೀರು ತಡೆದುಕೊಂಡ. ಕೊನೆಗೆ ಒಬ್ಬನೇ ಮಲಗಿದ್ದಾಗ ಕಟ್ಟೆ ಒಡೆಯಿತು. ಇದನ್ನು ಯಾರಾದರೂ ಪಾಪವೆಂದು ಎಣಿಸಿದರೆ ನಗಬೇಡಿ, ನನ್ನ ಪಾಪಗಳಿಗಾಗಿ ನೀವೂ ಅಳಿ ಎಂದು ಓದುಗರಿಗೆ ಬರೆದಿಟ್ಟ. ಅಪ್ಪನಿಗಾಗಿ ಅತ್ತದ್ದು ದೇವರ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ಸತ್ತವರಿಗಾಗಿ ನವೆಂಬರ್ 2ರಂದು ಸಮಾಧಿ ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ಚಿ ಪ್ರಾರ್ಥಿಸುವ ಜನ ನಿಮ್ಮವರು. ನಿಮ್ಮ ಅಳು ಸುಳ್ಳಲ್ಲ. ಅದರ ಮೇಲೆ ಬೇರೆಯವರು ಅಂಟಿಸಿದ ಚೀಟಿ ನಿಮ್ಮದಲ್ಲ, ಅಷ್ಟೇ.

ಆ ಅಗಸ್ಟೀನನ ತಾಯಿ ಮೋನಿಕಾ ನಿಮ್ಮ ಮಮ್ಮಿಗೆ ಚೆನ್ನಾಗಿಯೇ ಗೊತ್ತಿರಬೇಕು. ದಾರಿತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತವಳು, ಮಕ್ಕಳ ಚಿಂತೆಯ ತಾಯಂದಿರೆಲ್ಲ ಮೊರೆಹೋಗುವ ಸಂತ ಮಹಿಳೆ. ಅವಳ ಕತೆಯಲ್ಲಿ ಹೆಚ್ಚು ಜನ ನೆನಪಿಟ್ಟುಕೊಳ್ಳದ ತುಂಡೊಂದಿದೆ. ಮಗನ ಹತ್ತಿರ ಮಾತಾಡಿ ಬುದ್ಧಿ ಹೇಳಿ ಎಂದು ಅವಳು ಒಬ್ಬ ಬಿಷಪ್ಪರ ಬೆನ್ನು ಹತ್ತಿದಳು. ಅವರು ಒಪ್ಪಲಿಲ್ಲ. ಈಗ ಅವನನ್ನು ಅವನ ಪಾಡಿಗೆ ಬಿಡು, ಅವನಿಗಾಗಿ ಪ್ರಾರ್ಥನೆ ಮಾತ್ರ ಮಾಡು ಎಂದರು. ಇವಳು ಬಿಡಲಿಲ್ಲ, ಮತ್ತೂ ಕಾಡಿದಳು. ಕೊನೆಗೆ ಅವರು ರೇಗಿ, ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದುಬಿಟ್ಟರು. ಎಲ್ಲರೂ ಹೇಳುವುದು ಈ ಕೊನೆಯ ಮಾತನ್ನು. ಮಮ್ಮಿಗೆ ಮೊದಲನೆಯದನ್ನೂ ನೆನಪಿಸಿ. ವಾದಕ್ಕಲ್ಲ, ನಗುತ್ತಾ.

ಕುಮ್ಸಾರಿನ ಬಗ್ಗೆ ನಾನು ಹೆಚ್ಚು ಹೇಳುವ ಹಾಗಿಲ್ಲ. 1215ರ ಲ್ಯಾಟೆರನ್ ಮಹಾಸಭೆಯಿಂದಲೂ ವರ್ಷಕ್ಕೊಮ್ಮೆಯಾದರೂ ಎಂಬ ಕಟ್ಟಳೆ ಇದೆ, ಅದರ ಭಾರ ನಿಮ್ಮ ತಲೆಯಲ್ಲಿ ಇದ್ದೇ ಇರುತ್ತದೆ. ನೀವು ಎದ್ದು ಬಂದದ್ದು ಉಡಾಫೆಯಿಂದಲ್ಲ, ಒಪ್ಪದ ಮನಸ್ಸಿನಿಂದ ಬಾಯಿಪಾಠ ಒಪ್ಪಿಸಲಾರದೆ ಎಂದು ನನ್ನ ಊಹೆ. ಹಾಗಿದ್ದರೆ ಇನ್ನೊಂದು ದಿನ, ಸಾಲಿಲ್ಲದಾಗ, ಪಾದ್ರಿಗಳ ಹತ್ತಿರ ಸಮಯ ಕೇಳಿ ಹೋಗಿ. ನಂಬಿಕೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂಬಲ್ಲಿಂದಲೇ ಮಾತು ಶುರು ಮಾಡಬಹುದು. ಅಲ್ಲಿ ಆಡಿದ್ದನ್ನು ಅವರು ಯಾರಿಗೂ ಬಿಟ್ಟುಕೊಡುವಂತಿಲ್ಲ, ನಿಮ್ಮ ಮಮ್ಮಿಗೂ. ಸಾಲಿನಿಂದ ಎದ್ದದ್ದನ್ನು ಮಮ್ಮಿಗೆ ಹೇಳಲೇಬೇಕೆಂದೇನೂ ಇಲ್ಲ. 33 ವರ್ಷದ ಹೆಂಗಸಿಗೆ ಅಷ್ಟು ಗುಟ್ಟು ಇರಲಿ.

ನಂಬಿಕೆ ಇದೆಯೋ ಇಲ್ಲವೋ ಎಂದು ಹೌದು-ಅಲ್ಲ ಉತ್ತರ ಕೇಳುತ್ತೀರಿ. ಮಾರ್ಕನ ಶುಭಸಂದೇಶದ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಬೆಟ್ಟದ ಮೇಲೆ ಯೇಸು ಬೆಳಕಾಗಿ ಕಂಡಾಗ ಪೇತ್ರ ಇಲ್ಲೇ ಮೂರು ಗುಡಾರ ಹಾಕೋಣ ಎನ್ನುತ್ತಾನೆ. ರಿಟ್ರೀಟ್ ಮುಗಿಯುವ ದಿನ ಇನ್ನೆರಡು ದಿನ ಇರಬಾರದಿತ್ತೇ ಎನ್ನುವವರ ಹಾಗೆ. ಯಾರೂ ಗುಡಾರ ಹಾಕಲಿಲ್ಲ, ಎಲ್ಲರೂ ಇಳಿದರು. ಅದೇ ಅಧ್ಯಾಯದಲ್ಲಿ, ಬೆಟ್ಟದ ಬುಡದಲ್ಲಿ, ಕಾಯಿಲೆಯ ಮಗನನ್ನು ಹಿಡಿದುಕೊಂಡ ಅಪ್ಪನೊಬ್ಬ ನಿಂತಿದ್ದಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗುತ್ತಾನೆ. ಮೊದಲು ಒಂದನ್ನು ತೀರ್ಮಾನಿಸಿಕೊಂಡು ಬಾ ಎಂದು ಯೇಸು ಅವನನ್ನು ವಾಪಸು ಕಳಿಸಲಿಲ್ಲ. ಮಗ ಎದ್ದು ನಿಂತ.

ಇಷ್ಟೆಲ್ಲ ಆದ ಮೇಲೂ ಮಮ್ಮಿಯ ಪ್ರಶ್ನೆ ಉಳಿಯಿತು. ಆ ರಾತ್ರಿಯ ಬಗ್ಗೆ ನನಗೊಂದು ಅನುಮಾನವಿದೆ. ಡ್ಯಾಡಿಯ ಜೊತೆ ಅಷ್ಟು ವರ್ಷ ಬಾಳಿದವರು ಅವರು. ಅಡಿಕೆ ಸುಲಿಯುವ ಜಗಲಿಯಲ್ಲಿ ಆ ಹಾಡನ್ನು ನಿಮಗಿಂತ ಹೆಚ್ಚು ಸಲ ಕೇಳಿದವರು. ಎರಡನೇ ಚರಣ ಬಂದಾಗ ಅವರ ಕಿವಿಯೂ ಆ ತಪ್ಪು ಪದಕ್ಕೆ ಕಾದಿರಲಿಲ್ಲವೇ? ನಿಮ್ಮನ್ನು ಅಪ್ಪಿಕೊಂಡಾಗ ಅವರ ಬಾಯಲ್ಲಿ ಬಂದದ್ದು ಯೇಸುವಿನ ಹೆಸರು. ಇನ್ನೊಂದು ಹೆಸರು ಹೇಳಿದ್ದರೆ ಬಹುಶಃ ಅವರಿಗೂ ನಿಲ್ಲಲು ಆಗುತ್ತಿರಲಿಲ್ಲ. ಇದು ನನ್ನ ಊಹೆ ಮಾತ್ರ, ತಪ್ಪಿರಬಹುದು.

ಫೋನಿನಲ್ಲಿ ಹೇಳಬೇಡಿ. ಪಾಸ್ಕಕ್ಕೆ ಮುಂಚಿನ ಗರಿಗಳ ಭಾನುವಾರದ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗಿ. ‘ಬಾ, ಡ್ಯಾಡಿಯ ಹತ್ತಿರ ಹೋಗಿಬರೋಣ’ ಎಂದು ಮಮ್ಮಿಯನ್ನು ಸಂಜೆ ಹೊತ್ತು ಸಮಾಧಿಗೆ ಕರೆದುಕೊಂಡು ಹೋಗಿ. ಮೊಂಬತ್ತಿ ಹಚ್ಚಿ. ಸಾಕ್ಷಿ, ಗುರಿಕಾರರು ಯಾವುದನ್ನೂ ಮೊದಲು ಎತ್ತಬೇಡಿ. ‘ಅವತ್ತು ರಾತ್ರಿ ನನಗೆ ಡ್ಯಾಡಿ ನೆನಪಾದರು ಮಮ್ಮಿ’ ಎನ್ನಿ, ಸುಮ್ಮನಿರಿ. ಅವರು ಸಿಟ್ಟಾಗಬಹುದು, ಹಟ ಹಿಡಿಯಬಹುದು, ಯೇಸು ಡ್ಯಾಡಿಯ ಮೂಲಕವೇ ಕರೆದ ಎಂದೂ ಹೇಳಬಹುದು. ಹೇಳಲಿ, ಅದು ಅವರ ನಂಬಿಕೆ, ಒಪ್ಪುವ ಅಗತ್ಯವೂ ಇಲ್ಲ, ಜಗಳಾಡುವ ಅಗತ್ಯವೂ ಇಲ್ಲ.

ಆ ತಪ್ಪು ಪದ ಯಾವುದೆಂದು ನೀವು ಬರೆಯಲಿಲ್ಲ. ಮಮ್ಮಿಗೆ ನೆನಪಿದೆಯೇ, ಕೇಳಿ ನೋಡಿ.