‘ಮೆದುಳು ಕುಗ್ಗಿದೆ’ ಅಂದರೆ ಏನು?

ಪ್ರಶ್ನೆ: ಅಪ್ಪನಿಗೆ 74. ತಲೆಸುತ್ತು ಅಂತ ಶಿವಮೊಗ್ಗದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ‘ವಯಸ್ಸಿಗೆ ತಕ್ಕಂತೆ ಮೆದುಳು ಕುಗ್ಗಿದೆ’ ಎಂದು ಬರೆದಿದ್ದಾರೆ. ಮರೆವಿನ ಕಾಯಿಲೆ ಶುರುವಾಯಿತೇ? ಮೆದುಳು ಬೆಳೆಸುವ ಮಾತ್ರೆ ಇದೆಯೇ?
– ಓದುಗರು, ತೀರ್ಥಹಳ್ಳಿ

ಈ ತಿಂಗಳಲ್ಲೇ ಐದನೇ ಸಲ ಈ ಪ್ರಶ್ನೆ. ‘ಕುಗ್ಗಿದೆ’ ಅನ್ನುವುದನ್ನು ಎಲ್ಲರೂ ಓದುತ್ತೀರಿ, ‘ವಯಸ್ಸಿಗೆ ತಕ್ಕಂತೆ’ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. 74ಕ್ಕೆ ಕೂದಲು ನೆರೆತಿದೆ ಎಂದು ಬರೆದುಕೊಟ್ಟರೂ ಹೆದರುತ್ತೀರಾ?

ಮೆದುಳು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹಣೆಯ ಹಿಂದಿನ ಭಾಗ ಮತ್ತು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಬೇಗ ಸವೆಯುತ್ತವೆ. ನೋಟದ ಕೆಲಸ ಮಾಡುವ ಹಿಂಬದಿ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಅದಕ್ಕೇ ವಯಸ್ಸಾದವರಿಗೆ ಹೆಸರು ತಟ್ಟನೆ ನಾಲಿಗೆಗೆ ಬರುವುದಿಲ್ಲ, ಲೆಕ್ಕ ನಿಧಾನವಾಗುತ್ತದೆ. ಮಾತಿನ ಸಂಪತ್ತು, ವ್ಯವಹಾರಜ್ಞಾನ ಎಲ್ಲಿಗೂ ಹೋಗಿರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಸಾಗರದ ಕಡೆಯಿಂದ ಬೀಗರಿಬ್ಬರು ಒಟ್ಟಿಗೆ ಬಂದಿದ್ದರು. ಒಬ್ಬರ ಸ್ಕ್ಯಾನ್ ನೋಡಿದರೆ ಸಿಪ್ಪೆಯೊಳಗೆ ಒಣಗಿ ಅಲ್ಲಾಡುವ ಗೋಟಡಿಕೆಯೇ. ಆದರೆ ಸರಕು, ಬೆಟ್ಟೆ, ರಾಶಿ, ಗೊರಬಲು – ಅಡಿಕೆಯ ನಾಲ್ಕೂ ಬಗೆಯ ಧಾರಣೆ ಹೇಳಿ, ಯಾವ ಮಂಡಿಯವರು ತೂಕದಲ್ಲಿ ಹೊಡೆದರು ಅಂತಲೂ ಹೇಳಿದರು. ಇನ್ನೊಬ್ಬರ ಸ್ಕ್ಯಾನ್ ಚೊಕ್ಕ. ಬೆಳಿಗ್ಗೆ ತಿಂಡಿ ತಿಂದಿದ್ದು ನೆನಪಿಲ್ಲ. ನಾನು ಚಿಂತೆ ಮಾಡಿದ್ದು ಎರಡನೆಯವರ ಬಗ್ಗೆ.

ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನದಲ್ಲಿ, ಕೊನೆಯವರೆಗೂ ಚುರುಕಾಗಿದ್ದ ಕೆಲವರ ಮೆದುಳಲ್ಲಿ ಸತ್ತ ಮೇಲೆ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಗುರುತುಗಳು ಧಾರಾಳವಾಗಿ ಸಿಕ್ಕವು. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದುಬರಹ ಬಾರದವರಲ್ಲೂ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವ ನಿಮ್ಮೂರಿನವರು ಪುಣ್ಯವಂತರು.

ನೀವು ಗಮನಿಸಬೇಕಾದ್ದು ಅಪ್ಪನನ್ನು, ರಿಪೋರ್ಟನ್ನಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಅಳತೆ ತಪ್ಪುತ್ತಿದ್ದಾರಾ? ತೋಟದಿಂದ ಮನೆಗೆ ದಾರಿ ತಡಕಾಡುತ್ತಾರಾ? ಹೌದಾದರೆ ಕರೆದುಕೊಂಡು ಬನ್ನಿ. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮೊದಲು. ಕೆಲವೇ ವಾರಗಳಲ್ಲಿ ಮಂಕಾದರಂತೂ, ಹಾವಸೆಯಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದಿತ್ತಾ ಕೇಳಿ. ರಕ್ತ ನಿಧಾನವಾಗಿ ಜಿನುಗಿ ಮೆದುಳನ್ನು ಒತ್ತಿರಬಹುದು. ಆಗ ಹಳೇ ಸ್ಕ್ಯಾನ್ ತೋರಿಸಿ ವಾದ ಮಾಡಬೇಡಿ, ಹೊಸದು ಮಾಡಿಸಿ. ಈ ವಿಷಯದಲ್ಲಿ ನಾನು ಪುಕ್ಕಲ, ಒಪ್ಪಿಕೊಳ್ಳುತ್ತೇನೆ.

ಮಾತ್ರೆ ಇಲ್ಲ. ವಾರಕ್ಕೆ ಮೂರು ದಿನ, 40 ನಿಮಿಷ ಬಿರುಸಾಗಿ ನಡೆದ ಹಿರಿಯರಲ್ಲಿ ವರ್ಷದೊಳಗೆ ಹಿಪೊಕ್ಯಾಂಪಸ್ ಸುಮಾರು 2% ಹಿಗ್ಗಿದ್ದನ್ನು 2011ರ ಅಧ್ಯಯನವೊಂದು ತೋರಿಸಿದೆ. ಅಂಗಳದಲ್ಲಿ ಅಡ್ಡಾಡುವುದು ನಡಿಗೆಯಲ್ಲ. ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿ, ಮರ್ಯಾದೆ ಹೋಗುವುದಿಲ್ಲ.

ಪ್ರಶ್ನೆ: ಒಂದೆಲಗದ ಪುಡಿಯಿಂದ ಮೆದುಳು ಬೆಳೆಯುತ್ತದೆ ಎಂದು ನಮ್ಮೂರ ಪಂಡಿತರು ಡಬ್ಬಿ ಕೊಟ್ಟು, ಬಿ.ಪಿ. ಮಾತ್ರೆ ನಿಲ್ಲಿಸಿದ್ದಾರೆ. – ಹೊಸನಗರ

ಒಂದೆಲಗದ ತಂಬುಳಿ ಮಾಡಿ ಉಣ್ಣಿ, ರುಚಿಗೆ. ಬಿ.ಪಿ. ಮಾತ್ರೆ ಇವತ್ತೇ ಮತ್ತೆ ಶುರು ಮಾಡಿ. ಲಕ್ವ ಹೊಡೆದ ದಿನ ಆ ಪಂಡಿತರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: ನಾವು ಮೆದುಳಿನ ಶೇ. 10ರಷ್ಟನ್ನು ಮಾತ್ರ ಬಳಸುತ್ತೇವಂತೆ? – ಭದ್ರಾವತಿ

ಸುಳ್ಳು.