ಆ ಪಾಲಿಸಿ ಇಲ್ಲಿ ನಡೆಯಲ್ಲ, ಆದರೂ ನಿಲ್ಲಿಸಬೇಡಿ

ಸರ್, ನಮಸ್ಕಾರ. ಹಾಸನದಿಂದ ಗ್ರೀನ್ ಕಾರ್ಡ್ ಮೇಲೆ ನ್ಯೂಜೆರ್ಸಿಗೆ, ಮಗಳ ಮನೆಗೆ ಬರ್ತಿದ್ದೀರಿ. ಹದಿನೆಂಟು ವರ್ಷದಿಂದ ಕಟ್ಟಿಕೊಂಡು ಬಂದ ಮೆಡಿಕ್ಲೈಮ್ ಇಲ್ಲಿ ನಡೆಯುತ್ತಾ, ನಡೆಯದಿದ್ದರೆ ಸುಮ್ಮನೆ ಯಾಕೆ ದುಡ್ಡು ದಂಡ ಅಂತ ಕೇಳಿದ್ದೀರಿ.

ನಡೆಯಲ್ಲ. ಚಿಕಿತ್ಸೆ ಭಾರತದೊಳಗೇ ಆಗಿರಬೇಕು ಅನ್ನೋ ಷರತ್ತು ಸಾಮಾನ್ಯವಾಗಿ ಎಲ್ಲ ಪಾಲಿಸಿಯಲ್ಲೂ ಇರುತ್ತೆ, ನಿಮ್ಮದನ್ನ ತೆಗೆದು ಓದಿ. ನಮ್ಮ ಮಾವನವರು ಓದಿರಲಿಲ್ಲ. ಬಂದ ಎರಡನೇ ತಿಂಗಳು ಎದೆನೋವು. ಇಲ್ಲಿನ 1986ರ ಕಾನೂನಿನ ಪ್ರಕಾರ ದುಡ್ಡಿಲ್ಲ ಅಂತ ತುರ್ತು ವಿಭಾಗದಿಂದ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ, ಚೆನ್ನಾಗೇ ನೋಡಿಕೊಂಡರು. ಆಮೇಲೆ ಬಿಲ್ಲುಗಳು ಬಂದವು: ಆಸ್ಪತ್ರೆಯದು ಬೇರೆ, ಡಾಕ್ಟರದು ಬೇರೆ, ಆಂಬುಲೆನ್ಸಿನದು ಬೇರೆ. ಊರಿನ ಕಂಪನಿಗೆ ಹಾಕಿದ ಕ್ಲೈಮ್ ಒಂದೇ ಸಾಲಿನ ಉತ್ತರದಲ್ಲಿ ಮುಗಿದುಹೋಯಿತು. ಮಗಳ ತಲೆಮೇಲೆ ಸಾಲ ಹೊರಿಸಿಬಿಟ್ಟೆ ಅಂತ ಅವರು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

65 ದಾಟಿದೆ, ಮೆಡಿಕೇರ್ (ಇಲ್ಲಿನ ಹಿರಿಯರಿಗಿರೋ ಸರ್ಕಾರಿ ಆರೋಗ್ಯ ವಿಮೆ) ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ರೀನ್ ಕಾರ್ಡಿನವರು ಐದು ವರ್ಷ ಸತತವಾಗಿ ಇಲ್ಲಿದ್ದ ಮೇಲಷ್ಟೇ ಅದನ್ನ ಕೊಳ್ಳಬಹುದು. ಇಲ್ಲಿ ದುಡಿದವರಲ್ಲದ ಕಾರಣ ಅದರ ಆಸ್ಪತ್ರೆ ಖರ್ಚಿನ ಭಾಗಕ್ಕೂ ಕಂತು ಕಟ್ಟಬೇಕು. 2025ರಲ್ಲಿ ಅದು ತಿಂಗಳಿಗೆ 518 ಡಾಲರ್, ಡಾಕ್ಟರ ಭಾಗಕ್ಕೆ ಇನ್ನೂ 185, ತಲಾ.

ಅಲ್ಲಿವರೆಗೆ ದಾರಿ ಅಂದರೆ ರಾಜ್ಯದ ವಿಮಾ ಮಾರುಕಟ್ಟೆ, ಗೆಟ್ ಕವರ್ಡ್ ಎನ್‌ಜೆ. ಬಂದ 60 ದಿನದೊಳಗೆ ಅರ್ಜಿ ಹಾಕಿಬಿಡಿ. ತಪ್ಪಿದರೆ ವರ್ಷದ ಕೊನೆಯ ನೋಂದಣಿವರೆಗೆ ಕಾಯಬೇಕಾಗುತ್ತೆ. ಬಿಪಿ, ಶುಗರ್ ಇದೆ ಅಂತ ಅವರು ಬೇಡ ಅನ್ನೋ ಹಾಗಿಲ್ಲ, ಹೆಚ್ಚಿಗೆ ಕೇಳೋ ಹಾಗೂ ಇಲ್ಲ. ಪ್ರವಾಸಿಗಳಿಗೆ ಮಾರುವ ಅಗ್ಗದ ವಿಮೆ ಹಾಗಲ್ಲ, ಹಳೆಯ ಕಾಯಿಲೆ ಅಂದ ತಕ್ಷಣ ಕೈ ಎತ್ತುತ್ತೆ. ಮಗಳು ಟ್ಯಾಕ್ಸ್ ರಿಟರ್ನಿನಲ್ಲಿ ನಿಮ್ಮನ್ನ ಅವಲಂಬಿತರು ಅಂತ ತೋರಿಸಿದರೆ, ಈ ವಿಮೆಯ ಕಂತಿಗೆ ಸರ್ಕಾರ ಕೊಡೋ ಸಬ್ಸಿಡಿಯ ಲೆಕ್ಕಕ್ಕೆ ಅವರ ಆದಾಯವೂ ಸೇರುತ್ತೆ. ಮೊದಲೇ ಕೂತು ಮಾತಾಡಿಕೊಳ್ಳಿ.

ಇನ್ನು ಊರಿನ ಪಾಲಿಸಿ. ದಯವಿಟ್ಟು ಬಿಡಬೇಡಿ. ನನಗೆ ಗೊತ್ತಿರೋ ಹಿರಿಯರಲ್ಲಿ ಎಷ್ಟೋ ಜನ ಚಳಿಗಾಲಕ್ಕೆ ಊರಿಗೆ ಹೋಗಿ ಕಣ್ಣಿನ ಪೊರೆ, ಮಂಡಿ ಆಪರೇಷನ್ ಮಾಡಿಸಿಕೊಂಡು ಬರ್ತಾರೆ. ಕೆಲವರು ಎರಡು ವರ್ಷ ಕಳೆದು ಇಲ್ಲಿ ಮನಸ್ಸೇ ನಿಲ್ಲದೆ ವಾಪಸ್ಸೇ ಹೋದರು. ಈಗ ಬಿಟ್ಟು ಎಪ್ಪತ್ತರಲ್ಲಿ ಹೊಸದು ಮಾಡಿಸಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ನೀವು ಆ ಕಾಯುವಿಕೆಯನ್ನೆಲ್ಲ ಎಂದೋ ಮುಗಿಸಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ವಾಸ ಬದಲಾಗಿದೆ ಅಂತ ಕಂಪನಿಗೆ ಬರೆದು ತಿಳಿಸಿ, ವರ್ಷದ ಕಂತು ಎನ್‌ಆರ್‌ಓ ಖಾತೆಯಿಂದ (ಹೊರದೇಶದಲ್ಲಿ ನೆಲೆಸಿದವರು ಭಾರತದಲ್ಲಿ ಇಟ್ಟುಕೊಳ್ಳೋ ರೂಪಾಯಿ ಖಾತೆ) ಹೋಗೋ ಹಾಗೆ ಮಾಡಿ.

ಹೊರಡುವಾಗ ಮೂರು ತಿಂಗಳ ಮಾತ್ರೆ, ಡಾಕ್ಟರ ಚೀಟಿ, ಹಳೆಯ ರಿಪೋರ್ಟುಗಳು ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಅರ್ಜಿ ತುಂಬೋ ದಿನ ಹೇಳಿ ಕಳಿಸಿ, ನಾನೇ ಬಂದು ಜೊತೆಗೆ ಕೂರ್ತೀನಿ.