ಕಾಗದ ಸಿಕ್ಕಿಲ್ಲ, ಆದರೂ ಪೇಪರ್ ಜಾಮ್!

ಪ್ರಶ್ನೆ: ಮನೆಯ ಲೇಸರ್ ಪ್ರಿಂಟರ್ ಆನ್ ಮಾಡಿದೊಡನೆ ಪೇಪರ್ ಜಾಮ್ ಎನ್ನುತ್ತದೆ. ಒಳಗೆ ಎಷ್ಟು ಹುಡುಕಿದರೂ ಕಾಗದವಿಲ್ಲ. ರಿಪೇರಿಯವರು ಬೋರ್ಡ್ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಾಗದ ಇದೆಯೇ ಎಂದು ಗುರುತಿಸುವ ಸೆನ್ಸರ್ ಮುಟ್ಟಿಯೂ ನೋಡದೆ ಬೋರ್ಡಿನ ಮಾತೆತ್ತುವವರ ಕೈಗೆ ಪ್ರಿಂಟರ್ ಕೊಡಬೇಡಿ. ಬೋರ್ಡ್ ಬದಲಿಸಿ ಎಂಬ ಸಲಹೆ ಕೇಳಿ ಕೇಳಿ ಸಾಕಾಗಿದೆ.

ಕಾಗದ ಹಾಯುವ ದಾರಿಯಲ್ಲಿ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳು ಚಾಚಿಕೊಂಡಿರುತ್ತವೆ. ಇವಕ್ಕೆ ಫ್ಲ್ಯಾಗ್ ಎನ್ನುತ್ತಾರೆ. ಹಾಳೆ ತಳ್ಳಿದಾಗ ಫ್ಲ್ಯಾಗ್ ವಾಲುತ್ತದೆ, ಅದರ ಇನ್ನೊಂದು ತುದಿ ಕವೆಯಂಥ ಸೆನ್ಸರಿನ ನಡುವೆ ಚಲಿಸುತ್ತದೆ. ಹಾಳೆ ದಾಟಿದ ಮೇಲೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯಬೇಕು. ಎಳೆಯದಿದ್ದರೆ ಅಲ್ಲಿ ಹಾಳೆ ಇದೆಯೆಂದೇ ಪ್ರಿಂಟರಿನ ಲೆಕ್ಕ. ಆನ್ ಮಾಡಿದ ಕೂಡಲೇ ಎರರ್ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುವ ಭಾಗ, ಇಲ್ಲಿ ಅವಸರ ಮಾಡಬೇಡಿ. ಟೋನರ್ ಕಾರ್ಟ್ರಿಜ್ ತೆಗೆದು ದಪ್ಪ ಬಟ್ಟೆ ಮುಚ್ಚಿಡಿ, ಚಿತ್ರ ಮೂಡಿಸುವ ಉರುಳೆಯಾದ ಡ್ರಮ್ಮಿಗೆ ಬೆಳಕು ಬೀಳಬಾರದು. ಟಾರ್ಚ್ ಹಿಡಿದು ಮೂರು ಕಡೆ ನೋಡಿ: ಕಾರ್ಟ್ರಿಜ್ ಕೂರುವ ಜಾಗದ ತಳ, ಹಿಂಬಾಗಿಲ ಒಳಗೆ ಫ್ಯೂಸರ್ ದಾಟಿದ ಕೂಡಲೇ, ಮತ್ತು ಎರಡೂ ಬದಿ ಅಚ್ಚು ಹಾಕುವ ಮಾದರಿಯಾದರೆ ಡುಪ್ಲೆಕ್ಸ್ ದಾರಿ. ಪ್ರತಿ ಫ್ಲ್ಯಾಗನ್ನೂ ಬೆರಳ ತುದಿಯಿಂದ ಒತ್ತಿ ಬಿಡಿ. ಪಟ್ಟನೆ ಮೇಲೇಳಬೇಕು. ಸೋಮಾರಿಯಂತೆ ಎದ್ದರೆ ಬುಡದಲ್ಲಿ ಉಗುರಗಲದ ಕಾಗದದ ಚೂರಿರಬಹುದು, ಇಲ್ಲವೇ ಸ್ಪ್ರಿಂಗ್ ಕೊಕ್ಕೆ ಬಿಟ್ಟಿರಬಹುದು. ಚೂರನ್ನು ಪ್ಲಾಸ್ಟಿಕ್ ಚಿಮಟದಲ್ಲಿ ತೆಗೆಯಿರಿ. ಫ್ಯೂಸರ್ ಬಳಿ ಲೋಹದ ಉಪಕರಣ ಬೇಡವೇ ಬೇಡ, ಒಳಗಿನ ತೆಳುವಾದ ಹೊದಿಕೆ ಗೀಚಿದರೆ ಪ್ರತಿ ಹಾಳೆಯಲ್ಲೂ ಗೆರೆ ಮೂಡುತ್ತದೆ. ಸೆನ್ಸರಿನ ಸಂದಿಗೆ ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋಯರಿನಿಂದ ಗಾಳಿ ಊದಿ. ಬಾಯಿಂದ ಊದಬೇಡಿ, ಎಂಜಲು ಸೇರುತ್ತದೆ.

ಎಲ್ಲ ಫ್ಲ್ಯಾಗ್ ಚುರುಕಾಗಿದ್ದು, ಹಿಂಬಾಗಿಲು ಎರಡೂ ಬದಿ ಕ್ಲಿಕ್ ಎಂದು ಕೂತಿದ್ದೂ ಎರರ್ ಉಳಿದರೆ ಸೆನ್ಸರ್ ಅಥವಾ ಅದರ ಕನೆಕ್ಟರ್ ಕೆಟ್ಟಿರಬಹುದು. ಅದನ್ನು ಪರೀಕ್ಷಿಸಿದ ನಂತರವಷ್ಟೇ ಬೋರ್ಡಿನ ಮಾತು.

ಪ್ರಶ್ನೆ: ಟ್ರೇಯಿಂದ ಹಾಳೆ ಏಳುವ ಹೊತ್ತಿಗೆ ಮಾತ್ರ ಜಾಮ್ ಬರುತ್ತದೆ. ರೋಲರನ್ನು ಮರಳುಕಾಗದದಿಂದ ಉಜ್ಜಬಹುದೇ?

ಉತ್ತರ: ಕೂಡದು. ರೋಲರ್ ಜಾರಿ ನಿಗದಿತ ಸಮಯದಲ್ಲಿ ಹಾಳೆ ಸೆನ್ಸರ್ ತಲುಪದಿದ್ದರೂ ಜಾಮ್ ಎಂದೇ ತೋರಿಸುತ್ತದೆ. ನೀರಲ್ಲಿ ಅದ್ದಿ ಹಿಂಡಿದ, ನೂಲು ಬಿಡದ ಬಟ್ಟೆಯಿಂದ ರೋಲರ್ ಒರೆಸಿ ಒಣಗಿಸಿ. ಆಗಲೂ ಜಾರಿದರೆ ರೋಲರನ್ನೂ, ಹಾಳೆಗಳನ್ನು ಒಂದೊಂದಾಗಿ ಬೇರ್ಪಡಿಸುವ ಸೆಪರೇಷನ್ ಪ್ಯಾಡನ್ನೂ ಒಟ್ಟಿಗೆ ಬದಲಿಸಿ. ಎಣ್ಣೆ ಸ್ಪ್ರೇ ಹೊಡೆಯಿರಿ ಎಂದವರ ಮಾತು ಕೇಳಿದರೆ ರಬ್ಬರ್ ಇನ್ನಷ್ಟು ಜಾರುತ್ತದೆ.

ಪ್ರಶ್ನೆ: ಹಾಳೆಯ ಕೊನೆಯಲ್ಲಿ ಜಾಮ್ ಬರುತ್ತದೆ, ಹಾಳೆ ಮಾತ್ರ ಸಲೀಸಾಗಿ ಹೊರಬಿದ್ದಿರುತ್ತದೆ.

ಉತ್ತರ: ಟ್ರೇ ಸೆಟ್ಟಿಂಗ್ ನೋಡಿ. ಎ4 ಉದ್ದ 297 ಮಿ.ಮೀ., ಅಮೆರಿಕದ ಅಳತೆಯಾದ ಲೆಟರ್ 279. ಲೆಟರ್ ಎಂದು ಸೆಟ್ ಆಗಿದ್ದರೆ ಹೆಚ್ಚುವರಿ 18 ಮಿ.ಮೀ. ಅನ್ನು ಕೆಲವು ಪ್ರಿಂಟರ್‌ಗಳು ಸಿಕ್ಕಿಬಿದ್ದ ಕಾಗದವೆಂದು ಎಣಿಸುತ್ತವೆ. ಸೆಟ್ಟಿಂಗ್ ಸರಿಯಿದ್ದರೆ ಫ್ಯೂಸರ್ ಹಿಂದಿನ ಫ್ಲ್ಯಾಗನ್ನು ಪರೀಕ್ಷಿಸಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಪ್ರಿಂಟರ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಮತ್ತೆ ಹಾಕಿದರೆ ಹೋಗುತ್ತದೆಯೇ?

ಉತ್ತರ: ಕಂಪ್ಯೂಟರಿನ ಸಂಪರ್ಕ ತಪ್ಪಿಸಿದಾಗಲೂ ಎರರ್ ಇದ್ದರೆ, ಇಲ್ಲ.